ಗಾಳಿಗೊಂದು ತೂತು

ಗುರುವಾರ ನನ್ನ ವಾರದ ರಜೆ.
ಲಿಂಗರಾಜಪುರದ ಸೈಕಲ್ ಅಂಗಡಿಯ ಮೇಲಕ್ಕೆ
ಕಬ್ಬಿಣದ ಸುತ್ತುಮೆಟ್ಟಿಲು ಹತ್ತಿ
ಎರಡನೇ ಹಂತದ ಕ್ಲಾಸಿಗೆ ಹೋಗುತ್ತೇನೆ.
ಮೊದಲ ಹಂತದ ಗಳಿಕೆ:
ಹೆಬ್ಬೆರಳಿಗೆ ಮಾತ್ರ ನಿಲ್ಲುವ ಒಂದು ಉಂಗುರ,
ಮುರಿದ ಗರಗಸದೆಳೆ ಮೂವತ್ತೇಳು.
ಎಣಿಸಿದ್ದೇನೆ. ಎಣಿಸುವುದೇ ನನ್ನ ಕಸುಬು.

ಉಳಿದ ಆರು ದಿನ ಬಸ್ಸು.
ಶಿವಾಜಿನಗರದಿಂದ ಯಲಹಂಕ, ಯಲಹಂಕದಿಂದ ಶಿವಾಜಿನಗರ.
ಚಿಲ್ಲರೆ ಕೊಡಿ, ಮುಂದೆ ನಡೀರಿ, ಒಳಗೆ ಜಾಗ ಇದೆ.
ಇರುವುದಿಲ್ಲ. ಆದರೂ ಅನ್ನುತ್ತೇನೆ.

ಡೆಲ್ಫಿನ್ ಮೇಡಂ ಈ ಸಲ ಹಲಗೆಯ ಮೇಲೆ
ಒಂದೇ ಪದ ಬರೆದರು: ಟೊಳ್ಳು.
ಎರಡು ಬಟ್ಟಲು, ಬಾಯಿಗೆ ಬಾಯಿ, ಸುತ್ತ ಬೆಸುಗೆ.
ಯಾರು ಯಾರು ಏನೇನು ಮಾಡ್ತೀರಿ?
ಹಲ್ಲಿನ ಡಾಕ್ಟರು ಅಜ್ಮತ್ತುಲ್ಲಾ, ಮಗಳಿಗೆ ಜುಮುಕಿ ಎಂದರು.
ಇಂಚರ, ಕಾಳು ತುಂಬಿದ ಗಿಲಕಿ.
ಹೊನ್ನಗಂಗಮ್ಮ, ನೀವು?
ನಾನು ವಿಷಲ್ ಮೇಡಂ, ಅಂದೆ.
ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಹೊಸ ಬಸ್ಸಿಗೆ ವಿಷಲ್ ಬೇಡ.
ಡ್ರೈವರು ಗುಂಡಿ ಒತ್ತುತ್ತಾನೆ,
ಬಾಗಿಲು ಬುಸ್ ಅಂತ ತಾನೇ ಮುಚ್ಚುತ್ತದೆ.
ಹದಿನೆಂಟು ವರ್ಷ ಹಲ್ಲಲ್ಲಿ ಕಚ್ಚಿದ್ದು
ಮೇಲಿನ ಹೊಳಪು ಕಿತ್ತು, ಹಿತ್ತಾಳೆ ಕಂಡು,
ಈಗ ಔಷಧಿ ಚೀಟಿಗಳ ಡಬ್ಬದಲ್ಲಿದೆ.
ಬಾಯಿಗೆ ಅದರ ಹುಳಿ ಇನ್ನೂ ನೆನಪು.

ಡಿಎ ಬಾಕಿ ಬಂದಾಗ ನಗರ್ತಪೇಟೆಯಲ್ಲಿ
ಬೆಳ್ಳಿ ತಗಡು ಕೊಂಡೆ. ಆದರೆ ಮೊದಲು
ಅಭ್ಯಾಸಕ್ಕೆ ತಾಮ್ರದ ಗುಂಡು.
ಬಡಿದಷ್ಟೂ ಲೋಹ ಸೆಟೆಯುತ್ತದೆ;
ಬೆಂಕಿ ತೋರಿಸಿ, ತಣಿಸಿ, ಮತ್ತೆ ಬಡಿಯಬೇಕು.
(ನಮ್ಮ ಡಿಪೋ ಮ್ಯಾನೇಜರಿಗೆ ಈ ಪಾಠದ ಮೊದಲರ್ಧ ಮಾತ್ರ ಗೊತ್ತು.)
ಬಿಳಿಗಾರ ಅರಳಿನಂತೆ ಉಬ್ಬಿ, ಕುಸಿದು, ಗಾಜಾಯಿತು.
ಬೆಸುಗೆ ಬಿಸಿಯಿದ್ದ ಕಡೆ ಓಡಿತು,
ಖಾಲಿ ಸೀಟು ಕಂಡ ಜನದ ಹಾಗೆ.
ಅಂಚಿನ ಸುತ್ತ ಒಂದು ಮಿಂಚು ಹರಿದು ಕೂಡಿತು.
ಒಂದು ಕೂದಲೂ ತೂರದ ಹಾಗೆ ಮುಚ್ಚಿದ್ದೆ.

ಕೊಂಡಿ ಕೂರಿಸಲು ಎರಡನೇ ಸಲ ಬೆಂಕಿ ಹಿಡಿದೆ.
ಟಪ್ಪೆಂದಿತು.
ಅರ್ಧ ಗುಂಡು ಫ್ಯಾನಿಗೆ ಬಡಿದು ಗೋಡೆಗೆ ಹಾರಿತು.
ಎಚ್‌ಎಂಟಿಯಲ್ಲಿ ಮೂವತ್ತು ವರ್ಷ ಗಡಿಯಾರ ಜೋಡಿಸಿದ ಪೊನ್ನುರಂಗಂ
ಮೇಜಿನಡಿಯಿಂದ ಎದ್ದು ಬಂದು, ಯಾರಿಗೂ ಗಾಯವಿಲ್ಲವೆಂದು ನೋಡಿ,
ತೂತು ಎಲ್ಲಮ್ಮಾ? ಅಂದರು.
ಸೋರಬಾರದು ಅಂತ...
ಒಳಗಿರೋ ಗಾಳಿ ಕಾದರೆ ಎಲ್ಲಿಗೆ ಹೋಗಬೇಕು ಅದು?

ರಾತ್ರಿ ಆ ಪ್ರಶ್ನೆ ಇಟ್ಟುಕೊಂಡು ಮಲಗಿದೆ.
ಚಿಲ್ಲರೆಗೆ ಅಂದಿದ್ದು, ಬ್ಯಾಗು ಎಳೆದಿದ್ದು,
ಕುಡಿದವನು ಕೈ ಇಟ್ಟಿದ್ದು,
ಹೆಬ್ಬಾಳದಲ್ಲಿ ಒಂದೂವರೆ ತಾಸು ನಿಂತಿದ್ದು.
ಒಂದೊಂದಕ್ಕೂ ಒಂದು ಉದ್ದನೆ ಊದು ಊದಿ
ರೈಟ್ ಅಂದಿದ್ದೆ.
ಆ ಹದಿನೆಂಟು ವರ್ಷ ಬಾಯಲ್ಲಿ ಅದು ಇರದೆ ಹೋಗಿದ್ದರೆ

ಮೂರು ಗುರುವಾರಕ್ಕೆ ಬೆಳ್ಳಿಯದು ಮುಗಿಯಿತು.
ಬೆಸುಗೆ ಒಂದು ಕಡೆ ಗಂಟುಗಟ್ಟಿದೆ,
ಬಲಗೆನ್ನೆಯಲ್ಲಿ ಸುತ್ತಿಗೆಯ ಹಳ್ಳ.
ಮೇಡಂ ಎಲ್ಲರನ್ನೂ ಸುಮ್ಮನಿರಿಸಿದರು. ಊದಿದೆ.
ಬುಸ್.
ಬಸ್ಸಿನ ಬಾಗಿಲೇ.
ಇಂಚರ ನಕ್ಕಳು, ಆಮೇಲೆ ನಾನೂ.
ಪೊನ್ನುರಂಗಂ ತುಟಿಯ ಅಂಚನ್ನು ಬೆಳಕಿಗೆ ಹಿಡಿದು
ಇನ್ನೊಂದೆಳೆ ಅರ ಆಡಬೇಕು ಅಂದರು,
ಒಂದೇ ಎಳೆ, ಹೆಚ್ಚಾದರೆ ಹೋಯ್ತು.

ಅದು ಮುಂದಿನ ವಾರಕ್ಕೆ.
ಸದ್ಯ ಖಾಕಿಯ ಒಳಗೆ ಕರಿದಾರದಲ್ಲಿದೆ,
ಹನ್ನೊಂದು ಗ್ರಾಂ. ಬ್ರೇಕ್ ಹಾಕಿದಾಗ ಎದೆಗೆ ತಣ್ಣಗೆ ತಾಕುತ್ತದೆ.
ಅರದ ಪುಡಿ ಒಂದು ಚಿಟಿಕೆಯಷ್ಟಿತ್ತು.
ಟಿಕೆಟ್ ರೋಲಿನ ತುದಿ ಹರಿದು
ಅದರಲ್ಲಿ ಮಡಿಸಿ ಇಟ್ಟಿದ್ದೇನೆ.