ಕೆಂಪು ಹಸು, ಒಂದು ಕೊಂಬು ಮುರಿದದ್ದು

ಹೆಲ್ಮರ್ಸ್‌ರೋಡ ಎಂಬ ಊರು ಮೊದಲ ಸಲ ಕಾಣಿಸುವುದೇ
ಒಂದು ಬಾಕಿಯ ಲೆಕ್ಕದಲ್ಲಿ.
ಕಾಡು ಕಡಿದವರ ಹೆಸರಿಲ್ಲ, ಕೊಡಲಿ ಯಾರದೋ ತಿಳಿಯದು.
ಹನ್ನೊಂದು ಒಕ್ಕಲು, ಇಪ್ಪತ್ತೆರಡು ಕೋಳಿ,
ಮುನ್ನೂರ ಮೂವತ್ತು ಮೊಟ್ಟೆ
ಸಂತ ಮಾರ್ಟಿನನ ದಿನ, ಸಂಜೆಯ ಗಂಟೆಗೆ ಮೊದಲು
ಮಠದ ಬಾಗಿಲು ಮುಟ್ಟತಕ್ಕದ್ದು.
ಒಡೆದದ್ದು ಲೆಕ್ಕಕ್ಕಿಲ್ಲ.

ಮಠ ಗುಡ್ಡದ ಮೇಲೆ, ಊರು ಕೆಳಗೆ ತಗ್ಗಿನಲ್ಲಿ,
ನಡುವೆ ಮೀನಿನ ಕೆರೆ.
ತೋಡಿದವರು ಕೆಳಗಿನವರು, ತಿನ್ನುವವರು ಮೇಲಿನವರು.
ಅಯ್ಯಗಳು ಮಾಂಸ ಮುಟ್ಟುವುದಿಲ್ಲ, ವ್ರತ;
ಮೀನು ಮಾಂಸವಲ್ಲವೆಂದು
ಓದಿಕೊಂಡವರು ಯಾರೋ ಬಹಳ ಹಿಂದೆಯೇ ತೀರ್ಮಾನಿಸಿದ್ದರು.

ರೈನ್‌ಬೋಟ್ ಸತ್ತದ್ದು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ,
ನೇಗಿಲಿಗೆ ಹಿಡಿ ಕೆತ್ತುತ್ತ ಕೂತಲ್ಲೇ,
ಸದ್ದಿಲ್ಲದೆ, ಯಾರಿಗೂ ಖರ್ಚು ಮಾಡಿಸದೆ.
ಖರ್ಚು ಆಮೇಲೆ ಬಂತು.
ಒಕ್ಕಲಿನ ಯಜಮಾನ ತೀರಿಕೊಂಡರೆ
ಕೊಟ್ಟಿಗೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ರಾಸು ಮಠಕ್ಕೆ.
ಒಂದೇ ಇದ್ದರೆ, ಅದೇ ಒಳ್ಳೆಯದು.
ಈ ಪದ್ಧತಿ ಮಾಡಿದ್ದು ಯಾರು ಎಂದು ಕೇಳಿದರೆ
ನಿನ್ನ ಮುತ್ತಜ್ಜ ಸತ್ತಾಗ ಕೊಟ್ಟ ಎತ್ತಿನ ಸಾಲು ತೋರಿಸುತ್ತಾರೆ.

ವೆಂಡೆಲ್‌ಮೂಟ್ ಹಗ್ಗ ಹಿಡಿದು ಗುಡ್ಡ ಹತ್ತಿದಳು.
ಹಿಂದೆ ಹಸು, ತುಂಬಿದ ಗಬ್ಬ.
ದಾರಿಯ ಕೆಸರು ರಾತ್ರಿಯ ಹಿಮಕ್ಕೆ ಕಲ್ಲಾಗಿತ್ತು.
ನಾಲ್ಕು ಹೆಜ್ಜೆಗೊಮ್ಮೆ ನಿಂತಳು.
ಹಸುವಿಗಾಗಿ, ಎಂದಳು, ಯಾರೂ ಕೇಳದಿದ್ದರೂ.

ಬಾಗಿಲಲ್ಲಿ ಮಣೆಯ ಮೇಲೆ ಕಡತ ಹರಡಿಕೊಂಡು ಕೂತವನು
ಬ್ರದರ್ ಎಬರ್ವಿನ್.
ಐದು ವರ್ಷದ ಹಿಂದೆ ಅವನು ಎಪ್ಪೊ, ಅವಳ ನಡುವಿನ ಮಗ,
ಹೆಬ್ಬೆರಳು ಚೀಪುವುದನ್ನು ತಡವಾಗಿ ಬಿಟ್ಟವನು.
ಅವನು ತಲೆ ಎತ್ತಲಿಲ್ಲ.
ಲ್ಯಾಟಿನ್‌ನಲ್ಲಿ ಅಮ್ಮ ಎನ್ನಲು ಅವನಿಗೆ ಬರುತ್ತಿತ್ತು,
ಆ ಪುಟದಲ್ಲಿ ಅದಕ್ಕೆ ಅಂಕಣವಿರಲಿಲ್ಲ.

ಮೂಗು ಚಾಚಿದ್ದು ಹಸುವೇ.
ಎಳೆಗರುವಾಗಿದ್ದಾಗ ಈ ಅಂಗೈಯಿಂದಲೇ ಉಪ್ಪು ನೆಕ್ಕಿದ್ದು.
ಈಗ ಮಣಿಕಟ್ಟಿನವರೆಗೂ ಮಸಿ. ಆದರೂ ನೆಕ್ಕಿತು,
ನಾಲಗೆ ಕಪ್ಪಾಗುವ ತನಕ.

ಅವನು ಬರೆದ: ಕೆಂಪು ಹಸು, ಒಂದು. ಒಂದು ಕೊಂಬು ಮುರಿದದ್ದು.
ಆ ಹಾಳೆಯಲ್ಲೊಂದು ತೂತು.
ಕರು ಬದುಕಿದ್ದಾಗ ಯಾವುದೋ ನೊಣ ಕಚ್ಚಿದ ಜಾಗ,
ಚರ್ಮ ಹದಮಾಡಿ ಎಳೆದಾಗ ಕಣ್ಣಗಲ ಬಿಚ್ಚಿಕೊಂಡಿದೆ.
ಅಕ್ಷರಗಳು ಅದರ ಸುತ್ತ ಬಳಸಿಕೊಂಡು ಹೋಗುತ್ತವೆ,
ಕೆರೆಯ ದಂಡೆಯಲ್ಲಿ ದನ ಹೋದ ಹಾಗೆ.
ಗಬ್ಬದ ಮಾತು ಎಲ್ಲೂ ಇಲ್ಲ.
ಜಾಗ ಸಾಲಲಿಲ್ಲವೋ ಏನೋ.
ಜಾಗ ಸಾಕಷ್ಟಿದೆ. ನಾನು ನೋಡಿದ್ದೇನೆ.

ಮಠ ಈಗಿಲ್ಲ. ಮೊಟ್ಟೆಗಳು ಹತ್ತಿದ ದಾರಿಯಲ್ಲೇ
ಅದರ ಕಲ್ಲುಗಳು ಒಂದೊಂದಾಗಿ ಇಳಿದವು.
ಪ್ರಾರ್ಥನಾಮಂದಿರದ ಒಂದು ಕಮಾನು ಹಂದಿದೊಡ್ಡಿಯ ಬಾಗಿಲು,
ಅದರೊಳಗಿಂದ ಹಂದಿಗಳು ದಿನವೂ ಗಂಭೀರವಾಗಿ ಹೊರಬರುತ್ತವೆ.
ಕೆರೆಯಲ್ಲಿ ಜೊಂಡು. ಎಬರ್ವಿನ್ ಎಲ್ಲಿ ಮಲಗಿದ್ದಾನೋ
ಅಲ್ಲೀಗ ಯಾರದೋ ಆಲೂಗಡ್ಡೆ.

ಕಡತ ಮಾತ್ರ ಉಳಿದಿದೆ, ಇಲಿ ಬಿಟ್ಟಷ್ಟು.
ಹದಿನಾಲ್ಕು ಎಲೆ ಮುಂದೆ, ಇನ್ನೊಂದು ಚಳಿಗಾಲ,
ಅದೇ ಕೈ, ಅಕ್ಷರ ಕೊಂಚ ದಪ್ಪ:
ವೆಂಡೆಲ್‌ಮೂಟ್, ವಿಧವೆ, ತೀರಿಕೊಂಡಳು.
ಕೊಟ್ಟಿಗೆಯಿಂದ ಬಂದದ್ದು: ಹಸು, ಕೆಂಪು.
ಎರಡು ಕೊಂಬೂ ಇವೆ.