ಸೊಳ್ಳೆ ಹೋಗಿಲ್ಲ

ಹಿಟ್ಟು ತೂಗುವ ತಕ್ಕಡಿಯಲ್ಲೇ ಮೋಟಾರು ಇಟ್ಟೆ.
ಒಂದು ಕಿಲೋ ಒಂಬೈನೂರ ನಲವತ್ತು.
ತಟ್ಟೆಗೆ ಗ್ರೀಸು ಮೆತ್ತಿತೆಂದು ಮಗಳು ಬೈದಳು.
ನನಗೆ ಕೇಳಿಸಲಿಲ್ಲ,
ಅಥವಾ ಕೇಳಿಸಿತು. ಈ ವಯಸ್ಸಿನಲ್ಲಿ ಅದೊಂದು ಅನುಕೂಲ.

ಮಾರಿಬೋರಿನ ಲಾರಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಗೇರಿನ ಹಲ್ಲು ಕಡಿದವನು ನಾನು.
ಹೆಬ್ಬೆರಳು ಗಾತ್ರದ ಹಲ್ಲು. ಗದ್ದಲವೇ ಗಟ್ಟಿತನವಾಗಿದ್ದ ಕಾಲ;
ಸದ್ದಿಲ್ಲದ ಲಾರಿಯನ್ನು ಯಾರೂ ನಂಬುತ್ತಿರಲಿಲ್ಲ.
ಈಗ ಬರಗಿನ ಕಾಳಿನಷ್ಟು ಹಲ್ಲು,
ಒಂದರ ಬೆನ್ನಿಗೆ ಒಂದು ಓರೆಯಾಗಿ ಜಾರಿ ಕೂಡಬೇಕು.
ಭೂತಗನ್ನಡಿ ಹಚ್ಚಿ ಉಜ್ಜುತ್ತೇನೆ.

ತಿಂಕಾರಾ ಬಂದದ್ದು ಮಾರ್ಚ್‌ನಲ್ಲಿ, ಮೊಣಕಾಲತನಕ ಕೆಸರು.
ಪೊಹೊರ್ಯೆ ಬೆಟ್ಟದ ಮೇಲೆ ಹಕ್ಕಿ ಎಣಿಸುವ ಕೆಲಸ ಅವಳದು:
ಟರ್ಕಿ ಕೋಳಿಯಷ್ಟು ದೊಡ್ಡ ಕಾಡುಹುಂಜ,
ಕಪ್ಪು ಮೈ, ಕೆಂಪು ಹುಬ್ಬು,
ಬೆಳಗಿನ ನಾಲ್ಕಕ್ಕೆ ಫರ್ ಮರಗಳ ಕೆಳಗೆ ಬಾಲ ಬಿಚ್ಚಿ ಹಾಡುವಂಥದು.
‘ಸೈಕಲ್ಲೇನೋ ಚೆನ್ನಾಗಿದೆ,’ ಅಂದಳು,
‘ಆದರೆ ಮೋಟಾರು ನನಗಿಂತ ಮೊದಲೇ ಬೆಟ್ಟ ಹತ್ತಿ
ಹಕ್ಕಿಗಳಿಗೆ ಚಾಡಿ ಹೇಳುತ್ತದೆ.
ಏರಿನಲ್ಲಿ ಕುಯ್ ಅನ್ನುತ್ತದೆ,
ಇಳಿಜಾರಿನಲ್ಲಿ ಡಬ್ಬಿಯೊಳಗಿನ ಬಟಾಣಿಯಂತೆ ಗಲಗಲ.
ಬಿದ್ದ ಮರ ಅಡ್ಡ ಬಂದರೆ ಹೆಗಲಿಗೇರಿಸಿ ದಾಟಬೇಕು, ಹಗುರ ಬೇಕು.
ಬೆನ್ನಿಗೆ ಕ್ಯಾಮೆರಾ, ಗೂಟ, ಎರಡು ದಿನದ ಬ್ರೆಡ್ಡು, ಜೋರು ಬೇಕು.
ಮತ್ತೆ ಮೌನ.’
ಮೂರು ಬೆರಳು ಮಡಿಚಿದಳು.

ಎರಡು ಕೊಡಬಲ್ಲೆ ಅಂದೆ.
‘ಯಾವ ಎರಡು?’
ಸುಮ್ಮನಾದೆ.
ಹಗುರಾಗಬೇಕೆಂದರೆ ಸಣ್ಣದಾಗಬೇಕು,
ಸಣ್ಣದಾದರೆ ಬೇಗ ತಿರುಗಬೇಕು,
ಬೇಗ ತಿರುಗುವುದು ಕಿರುಚಲೇಬೇಕು.
ಇದು ಲೋಕದ ಲೆಕ್ಕ. ನಾನು ಬರೆದದ್ದಲ್ಲ.

ಬೇಸಿಗೆಯಿಡೀ ಷೆಡ್ಡಿನಲ್ಲಿ ಲೋಕದ ಲೆಕ್ಕದ ಜೊತೆ ಜಗಳ.
ಉಕ್ಕಿನ ಪಕ್ಕ ನೈಲಾನು ಕೂರಿಸಿದೆ; ಕರಗಿತು.
ದಪ್ಪ ಗ್ರೀಸು ತುಂಬಿದೆ; ಮೌನವಾಯಿತು, ಎಮ್ಮೆಯೂ ಆಯಿತು.
ಸ್ಕ್ರೂಡ್ರೈವರಿನ ಹಿಡಿ ಕಿವಿಗೊತ್ತಿ, ತುದಿ ಕವಚಕ್ಕಿಟ್ಟು
ವೈದ್ಯನ ಹಾಗೆ ಕೂತೆ, ರಾತ್ರಿ ರಾತ್ರಿ.
ಅಕ್ಟೋಬರಿನ ಒಂದು ಗುರುವಾರ
ಪೂರ್ತಿ ಭಾರ ಹೇರಿ ತಿರುಗಿಸಿದೆ.
ಏನೂ ಇಲ್ಲ.
ದ್ರಾವಾ ನದಿ ಹಿಮಗಟ್ಟಿ ನಿಂತಾಗಿನಂಥ ಏನೂ ಇಲ್ಲ.
ಕಣ್ಣು ತುಂಬಿ ಬಂತು. ಮೊಮ್ಮಗಳನ್ನು ಕೂಗಿದೆ.

ಬ್ರೀನಾಗೆ ಒಂಬತ್ತು ವರ್ಷ.
ಬಾಗಿಲಲ್ಲೇ ನಿಂತು ಎರಡು ಕಿವಿಗೂ ಬೆರಳಿಟ್ಟುಕೊಂಡಳು.
‘ಸೊಳ್ಳೆ ಹೋಗಿಲ್ಲ, ಅಜ್ಜಾ.’

ಹಾಗಾದರೆ ಮೌನವಾದದ್ದು ಮೋಟಾರಲ್ಲ.
ಹಳೆಯ ಬೇಟೆಗಾರರು ಹೇಳುತ್ತಿದ್ದರು:
ಹಾಡಿನ ಕೊನೆಯ ತುಂಡಿಗೆ ಬಂದಾಗ
ಆ ಹುಂಜಕ್ಕೆ ಮೂರು ಕ್ಷಣ ಕಿವಿ ಕೇಳಿಸುವುದಿಲ್ಲ,
ಎರಡು ಹೆಜ್ಜೆ ಮುಂದಿಡಲು ಅದೇ ಹೊತ್ತು.
ನನ್ನ ಹಾಡು ಯಾವಾಗ ಕೊನೆಯ ತುಂಡಿಗೆ ಬಂತೋ,
ಯಾರು ಎಷ್ಟು ಹೆಜ್ಜೆ ಹತ್ತಿರ ಬಂದರೋ.

ಅಂದಿನಿಂದ ಅವಳೇ ನನ್ನ ಕಿವಿ.
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಸೊಳ್ಳೆ ಬರೆಯುತ್ತಾಳೆ:
ದೊಡ್ಡ ಸೊಳ್ಳೆ, ಮಧ್ಯಮ ಸೊಳ್ಳೆ,
ಕ್ರಿಸ್ಮಸ್ಸಿನ ಮಾರನೆಯ ದಿನ ರೆಕ್ಕೆ ಮುರಿದ ಸೊಳ್ಳೆ.
ನಾನು ಅರೆಯುತ್ತೇನೆ, ಅವಳು ಒರೆಸಿ ಚಿಕ್ಕದಾಗಿ ಬರೆಯುತ್ತಾಳೆ.
ಕೂಲಿ, ಒಂದು ಸೊಳ್ಳೆಗೆ ಒಂದು ಚಾಕೊಲೇಟು.

ಏಪ್ರಿಲ್‌ನಲ್ಲಿ ತಿಂಕಾರಾ ಕತ್ತಲಿನಲ್ಲೇ ಹತ್ತಿಹೋದಳು.
ಮಧ್ಯಾಹ್ನ ಬಂದು ಕೈಗವಸು ಬಿಚ್ಚುತ್ತ ಅಂದಳು:
‘ಐದು ಹಕ್ಕಿ. ನಾಲ್ಕು ಹಾಡು ನಿಲ್ಲಿಸಿ ಹಾರಿದವು.
ಒಂದು ಮಾತ್ರ ಹಾಡುತ್ತಲೇ ಇತ್ತು, ನಾನು ಪಕ್ಕದಲ್ಲೇ ಹೋದರೂ.’
ನಾನು ಉಬ್ಬಿದೆ.
‘ಬೀಗಬೇಡಿ,’ ಅಂದಳು. ‘ಅದೂ ನಿಮ್ಮಂತೆ ಮುದುಕ ಇರಬಹುದು.’

ಇರಬಹುದು.
ಶಾಲೆ ಬಿಡುವುದು ಮೂರೂವರೆಗೆ.
ಅಷ್ಟರಲ್ಲಿ ಎರಡನೆಯ ಗೇರು
ಇನ್ನೊಂದು ಕೂದಲೆಳೆಯಷ್ಟು ಓರೆಯಾಗಬೇಕು.