ದಂಡ

ಮಾರ್ಚ್ ತಿಂಗಳ ಆರ್ಮಿಡೇಲ್. ಮಳೆ ನಿಂತು
ಹುಲ್ಲು ಮೊಣಕಾಲಿಗೆ ಬಂದಿದೆ, ಹುಳುವಿಗೆ ಸುಗ್ಗಿ.
ನನ್ನ ಮುಂದೆ ತೊಂಬತ್ತಾರು ಕುಳಿಯ ಪ್ಲೇಟು,
ಚೆನ್ನೆಮಣೆಗಿಂತ ಚಿಕ್ಕದು,
ಕುಳಿಗೊಂದು ಹನಿ ಮದ್ದು, ಹನಿಗೆ ಮುನ್ನೂರು ಮರಿಹುಳು.

ಹೊಸ ಮದ್ದಲ್ಲ ಯಾವುದೂ.
ರಕ್ತದೊತ್ತಡದ್ದು, ಮೂರ್ಛೆಯದ್ದು, ನಿದ್ದೆ ಬಾರದವರದ್ದು,
ಒಂದು ಕಾಲಕ್ಕೆ ಕೆಮ್ಮಿಗೆಂದು ಬಂದು
ಕೆಮ್ಮೂ ನಿಲ್ಲಿಸಲಾಗದೆ ಮೂಲೆ ಸೇರಿದ್ದು.
ಎಲ್ಲರನ್ನೂ ಕರೆದು ಸಾಲಾಗಿ ನಿಲ್ಲಿಸಿ
ಕೇಳುವುದು ನನ್ನ ಕೆಲಸ:
ನಿನಗೆ ಬೇರೇನಾದರೂ ಬರುತ್ತದೆಯೇ?

ಹುಳು ಬಂದದ್ದು ಲೋರ್ನಾ ಪಿಕರ್ಸ್‌ಗಿಲ್ಲಳ ಹಟ್ಟಿಯಿಂದ,
ಐಸ್‌ಕ್ರೀಮ್ ಡಬ್ಬಿಯಲ್ಲಿ, ಹಿಕ್ಕೆಯ ಜೊತೆ.
ಆಕೆ ಕುರಿಯ ಕಣ್ಣರೆಪ್ಪೆ ಹೆಬ್ಬೆರಳಿಂದ ಮಗುಚಿ ತೋರಿಸಿದ್ದಳು:
ಸುಣ್ಣ ಬಳಿದ ಗೋಡೆ. ಗದ್ದದಡಿ ನೀರಿನ ಚೀಲ.
ಹೊಟ್ಟೆಯೊಳಗೆ ಸಾವಿರ ಬಾಯಿ,
ಒಂದೊಂದಕ್ಕೂ ದಿನಕ್ಕೊಂದು ತೊಟ್ಟು ರಕ್ತ.
"ಇರೋ ಔಷಧಿಯೆಲ್ಲ ಹಾಕಿಯಾಯಿತು," ಅಂದಳು,
"ಕುಡಿದು ಬಾಯಿ ಒರೆಸಿಕೊಂಡವು."

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ
ಬದುಕಿರುವ ಹುಳು ಕನ್ನಡ ಬರೆಯುತ್ತದೆ.
ಇದು ಒ, ಅದು ಣ, ಅಗೋ ಬಾಲ ಎಳೆದು ಳ,
ಅರ್ಧ ಬರೆದು ಅಳಿಸಿ ಮತ್ತೆ ಬರೆಯುವ ಜ.
ಸತ್ತದ್ದು ಮಾತ್ರ ನೆಟ್ಟಗೆ.
ನಮ್ಮ ವರ್ಣಮಾಲೆಯಲ್ಲಿ ನೆಟ್ಟಗಿನ ಅಕ್ಷರವೇ ಇಲ್ಲ;
ಹಳೆಯ ಪದ್ಯದಲ್ಲಿ ಸಾಲು ಮುಗಿದಲ್ಲಿ ನಿಲ್ಲಿಸುತ್ತಿದ್ದ ದಂಡ,
ಅದೊಂದೇ.
ಲೆಕ್ಕದ ಪುಸ್ತಕದಲ್ಲಿ ಹಾಗೇ ಗೀಚುತ್ತೇನೆ.
ಫರ್ಗಸ್ ಅದನ್ನು ಒಂದು ಎಂದು ಓದಿಕೊಳ್ಳುತ್ತಾನೆ.

ಎಪ್ಪತ್ತೆರಡನೆಯ ಗಂಟೆ.
ಎ ಸಾಲಿನ ತುಂಬ ಬರವಣಿಗೆ. ಬಿ, ಸಿ, ಡಿ: ಬರವಣಿಗೆ.
ಜಿ ಏಳರಲ್ಲಿ
ಮುನ್ನೂರು ದಂಡ.

ಪಟ್ಟಿ ತೆಗೆದು ಹೆಸರು ನೋಡಿದೆ.
ಈ ಹೆಸರನ್ನು ನಾನು ಅಂಗೈಯಲ್ಲಿ ಹಿಡಿದವಳು,
ರಾಣೆಬೆನ್ನೂರಿನಲ್ಲಿ, ಒಂಬತ್ತರ ವಯಸ್ಸಿನಲ್ಲಿ,
ಇನ್ನೊಂದು ಕೈಯಲ್ಲಿ ನೀರಿನ ಲೋಟ.
ಪಂಕಜಾಕ್ಷಿ ಚಿಕ್ಕಮ್ಮ ನುಂಗಿ, ನಾಲಗೆ ಎತ್ತಿ ತೋರಿಸಬೇಕು,
ನಾನು ಇಣುಕಿ ನೋಡಿ ಹ್ಞೂಂ ಅನ್ನಬೇಕು.
ಆಮೇಲೆ ಅವಳು ನಡುರಾತ್ರಿ ಬೀದಿಗಿಳಿಯುವುದು ನಿಂತಿತು.
ಗೋಡೆಯ ಜೊತೆಗಿನ ಜಗಳ ನಿಂತಿತು. ಹಾಡೂ.
ದುಂಡಗೆ ಬರೆಯುತ್ತಿದ್ದವಳ ಅಕ್ಷರ
ಕಿರಿದಾಗುತ್ತ ಸಾಸಿವೆಯಾಗಿ
ಹಾಲಿನ ಲೆಕ್ಕದ ಚೀಟಿಯಲ್ಲಿ ಕೊನೆಗೆ ಬರೀ ಗೆರೆ.
ಮನೆಯವರೆಲ್ಲ ಗುಣವಾಯಿತು ಅಂದರು.
ನಾನೂ ಅಂದೆ.

ಫೋನಿನಲ್ಲಿ ಹೇಳಿದರೆ ಲೋರ್ನಾ ನಕ್ಕಳು:
"ಅದೇ ಮನೆತನದ ಹಸಿರು ಪುಡಿಯೊಂದಿತ್ತು ಅಪ್ಪನ ಕಾಲಕ್ಕೆ.
ಕುಡಿಸಿದ ಮರುದಿನ ಕುರಿ ಉಚ್ಚೆ ಹುಯ್ದಲ್ಲೆಲ್ಲ
ಹುಲ್ಲು ಬೀಟ್‌ರೂಟ್ ಬಣ್ಣ."
ಹಾಗೋ. ಕುರಿಹಟ್ಟಿಯ ಕಡೆಯ ಹೆಣ್ಣು
ಮನುಷ್ಯರ ತಲೆಯೊಳಗೆ ಇಷ್ಟು ವರ್ಷ ಬಾಳುವೆ ಮಾಡಿ,
ನನ್ನ ಚಿಕ್ಕಮ್ಮನನ್ನು ಕುರ್ಚಿಯಲ್ಲಿ ಕೂರಿಸಿ,
ಈಗ ತವರಿಗೆ ಬಂದಿದ್ದಾಳೆ.

ಬಂದರೇನು, ಈ ಪ್ರಮಾಣದಲ್ಲಿ ಕುಡಿಸಿದರೆ
ಹುಳುವಿಗೂ ಮೊದಲು ಕುರಿಯೇ ಕೂತುಬಿಡುತ್ತದೆ.
ಹತ್ತನೇ ಒಂದು ಪಾಲು ಮಾಡಿ ನೋಡು, ಅಂದ ಫರ್ಗಸ್,
ಇಲ್ಲವಾದರೆ ಎಲ್ಲ ದಂಡ.
ಅವನು ಅಂದದ್ದು ಇಂಗ್ಲಿಷಿನಲ್ಲಿ. ನನಗೆ ಕೇಳಿಸಿದ್ದು ಹೀಗೆ.

ಹತ್ತನೇ ಒಂದರಲ್ಲಿ ಅರ್ಧ ಗೆರೆ, ಅರ್ಧ ಬರಹ.
ಅಂಚಿನಲ್ಲೊಂದು, ಎರಡರ ನಡುವೆ,
ನಡುಗುತ್ತ, ತೀರ ಸಣ್ಣಗೆ, ಸೊನ್ನೆ ಸುತ್ತಲು ನೋಡುತ್ತಿದೆ.
ನಿಯಮದಂತೆ ಅರ್ಧ ನಿಮಿಷ ಕಾಯಬೇಕು,
ಅಲುಗದಿದ್ದರೆ ಗೀಚಬೇಕು.
ಸಾಯಲಿ ಎಂದೇ ಬಯಸಿದವಳು,
ಬಯಸುತ್ತಲೇ, ಐದು ನಿಮಿಷ ಕಾದೆ.

ಹೊರಗೆ ಪಿಕಪ್ ಗಾಡಿ ನಿಂತ ಸದ್ದು.
ಲೋರ್ನಾ, ಇನ್ನೊಂದು ಡಬ್ಬಿ.
ನಿನ್ನೆ ಹನ್ನೊಂದು ಹೋದವು, ಅನ್ನುತ್ತಾಳೆ ಬಾಗಿಲಲ್ಲಿ,
ಬೂಟು ಬಿಚ್ಚುತ್ತ.